ಕೈಪಿಡಿಯಲ್ಲಿ ಇಲ್ಲದ ಆಯ್ಕೆ

ಬೀದರಿನ ಚಿದ್ರಿ ಬಡಾವಣೆಯಲ್ಲಿ ನಮ್ಮ ಕಚೇರಿ ಇದ್ದದ್ದು ಹಿಟ್ಟಿನ ಗಿರಣಿಯೊಂದರ ಮೇಲಿನ ಮಹಡಿಯಲ್ಲಿ. ಗಿರಣಿ ತಿರುಗುವಾಗ ನನ್ನ ಮೇಜು ನಡುಗುತ್ತಿತ್ತು. ನಡುಕ ನಿಂತರೆ ಕರೆಂಟು ಹೋಗಿದೆ ಎಂದು ತಿಳಿಯಬೇಕು. ನಾನು ಹೇಳುತ್ತಿರುವ ವರ್ಷ ಆ ಮೇಜು ಬಹುಪಾಲು ನಿಶ್ಚಲವಾಗಿಯೇ ಇತ್ತು. ಕರೆಂಟೊಂದೇ ಕಾರಣವಲ್ಲ, ಬೀಸಲು ಜೋಳ ತರುವವರೂ ಕಡಿಮೆಯಾಗಿದ್ದರು. ಎರಡನೆಯ ವರ್ಷವೂ ಮಳೆ ಕೈಕೊಟ್ಟಿತ್ತು. ಕೋಣೆಗಿದ್ದ ಒಂದೇ ಕಿಟಕಿಯನ್ನು ಇನ್ವರ್ಟರ್ ಬ್ಯಾಟರಿಗಳ ಕಪಾಟು ಮುಚ್ಚಿಕೊಂಡಿತ್ತು. ಬೆಳಗ್ಗೆ ಒಳಹೊಕ್ಕವರಿಗೆ ಸಂಜೆ ಮೆಟ್ಟಿಲಿಳಿಯುವವರೆಗೆ ಆಕಾಶದಲ್ಲಿ ಮೋಡವಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ.

ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಓದಿ ಬಂದ ನನಗೆ ಬೀದರಿನಲ್ಲಿ ಸಿಕ್ಕಿದ್ದು ಕೈಪಿಡಿ ಬರೆಯುವ ಕೆಲಸ. ತಾಲ್ಲೂಕು ಕಚೇರಿಗಳಲ್ಲಿ ಬರಗಾಲದ ಅರ್ಜಿಗಳನ್ನು ದಾಖಲಿಸಲು ಒಂದು ಹಳೆಯ ತಂತ್ರಾಂಶವಿತ್ತು. ಅದು ಹಳೆಯ ಕಂಪ್ಯೂಟರುಗಳಲ್ಲಿ ಮಾತ್ರ ನಡೆಯುತ್ತಿತ್ತು. ಹಳೆಯ ಕಂಪ್ಯೂಟರುಗಳೋ ಒಂದೊಂದಾಗಿ ಕೆಟ್ಟು ಮೂಲೆ ಸೇರಿದ್ದವು. ಹೊಸ ತಂತ್ರಾಂಶ ಮಾಡಿಸುವ ಬದಲು, ಹೊಸ ಕಂಪ್ಯೂಟರಿನೊಳಗೆ ಹಳೆಯದೊಂದು ಇರುವಂತೆ ನಟಿಸುವ ಎಮ್ಯುಲೇಟರನ್ನು ಕೂರಿಸಿಕೊಡುವ ಗುತ್ತಿಗೆ ನಮ್ಮ ಮಾಲಕರಿಗೆ ಸಿಕ್ಕಿತ್ತು.

ಎಮ್ಯುಲೇಟರಿನ ಒಳಗಿನ ಯಂತ್ರ ನಿಜವಾದ ಯಂತ್ರವಲ್ಲ. ತನಗೊಂದು ಡಿಸ್ಕ್ ಇದೆಯೆಂದು ಅದು ನಂಬಿರುತ್ತದೆ. ಆ ಡಿಸ್ಕ್ ಹೊರಗಿನ ಕಂಪ್ಯೂಟರಿನಲ್ಲಿರುವ ಒಂದು ಫೈಲ್ ಅಷ್ಟೇ. ತನ್ನ ಹೊರಗೆ ಇನ್ನೊಂದು ಯಂತ್ರವಿದೆಯೆಂಬುದು ಅದಕ್ಕೆ ಗೊತ್ತಾಗುವುದೇ ಇಲ್ಲ. ಅದನ್ನು ಚಾಲೂ ಮಾಡುವುದಕ್ಕೆ ನಮ್ಮ ಕಸುಬಿನಲ್ಲಿ ಬೂಟ್ ಮಾಡುವುದು ಎನ್ನುತ್ತಾರೆ. ಬೂಟ್ ಮಾಡುವಾಗ ಹಲವು ಆಯ್ಕೆಗಳನ್ನು ಕೊಡಬಹುದು: ಮೊದಲು ಯಾವ ಡಿಸ್ಕ್ ನೋಡಬೇಕು, ಎಷ್ಟು ಮೆಮೊರಿ ಬಳಸಬೇಕು, ಏಳುವ ಮೊದಲು ಕೇಳಿ ಕಾಯಬೇಕೋ ನೇರವಾಗಿ ಏಳಬೇಕೋ. ಇವನ್ನೆಲ್ಲ ಒಂದು ಸಣ್ಣ ಫೈಲಿನಲ್ಲಿ ಒಂದೇ ಸಾಲಾಗಿ ಬರೆದಿಟ್ಟಿರುತ್ತಾರೆ. ಪರದೆಯ ಮೇಲಿನ ಐಕಾನ್ ಒತ್ತಿದರೆ ಆ ಸಾಲು ಓಡುತ್ತದೆ. ಐಕಾನ್ ಒತ್ತುವವರು ಆ ಸಾಲನ್ನು ಎಂದೂ ನೋಡಿರುವುದಿಲ್ಲ.

ಆ ಸಾಲಿನ ಒಂದೊಂದು ಪದಕ್ಕೂ ಕನ್ನಡದಲ್ಲಿ ಒಂದೊಂದು ಪರಿಚ್ಛೇದ ಬರೆಯುವುದು ನನ್ನ ಪಾಲಿನ ಕೆಲಸವಾಗಿತ್ತು.

"ನೋಡವ್ವ, ಔರಾದದ ಆಪರೇಟರ್‌ಗೂ ತಿಳಿಬೇಕು," ಎಂದರು ಮಾಲಕರು. "ನಿನ್ನ ಯೂನಿವರ್ಸಿಟಿ ಕನ್ನಡ ಬ್ಯಾಡ."

"ಅವ್ರು ಮಾತಾಡೋ ಕನ್ನಡದಾಗೇ ಬರೀತೇನಿ ಸರ್."

"ಅದೂ ಬ್ಯಾಡ. ಸರ್ಕಾರಿ ಕಾಗದ ಅದು, ನಗ್ತಾರ."

ಮಾಲಕರು ಕೆಟ್ಟವರೆಂದು ಹೇಳಲಾರೆ. ನನ್ನ ಓಣಿಗೆ ನೀರಿನ ಟ್ಯಾಂಕರ್ ಬಂದ ಸುದ್ದಿ ಸಿಕ್ಕರೆ ಕೆಲಸದ ನಡುವೆಯೂ ಕೊಡ ತುಂಬಿಕೊಂಡು ಬಾ ಎಂದು ಕಳಿಸುತ್ತಿದ್ದರು. ಆ ಬೇಸಗೆಯಲ್ಲಿ ಅದು ಸಣ್ಣ ಉಪಕಾರವಲ್ಲ. ಆದ್ದರಿಂದಲೇ ಮುಂದೆ ಅವರೊಡನೆ ಆಡಿದ ಮಾತುಗಳು ನನಗೆ ಸುಲಭವಾಗಿ ಬರಲಿಲ್ಲ.

ಅಕ್ಕನನ್ನು ಬೀದರ್ ಜಿಲ್ಲೆಯದೇ ತಾಲ್ಲೂಕಾದ ಔರಾದಿಗೆ ಕೊಟ್ಟಿತ್ತು. ಭಾವ ಅಲ್ಲಿ ಪಂಪುಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದರು. ಬೋರುಗಳಲ್ಲಿ ನೀರಿದ್ದಾಗ ಮೋಟಾರುಗಳು ಸುಡುತ್ತವೆ, ಸುಟ್ಟ ಮೋಟಾರು ಅಂಗಡಿಗೆ ಬರುತ್ತದೆ. ನೀರೇ ಇಲ್ಲದಾಗ ಮೋಟಾರುಗಳಿಗೆ ಏನೂ ಆಗುವುದಿಲ್ಲ. ಮೊದಲ ವರ್ಷದ ಬರಕ್ಕೆ ಭಾವ ಅಂಗಡಿಗೆ ಬೀಗ ಹಾಕಿ, ಪುಣೆಯ ಕಡೆ ಕಟ್ಟಡಗಳಿಗೆ ವೈರಿಂಗ್ ಮಾಡಲು ಅಕ್ಕನನ್ನೂ ಮಗಳನ್ನೂ ಕರೆದುಕೊಂಡು ಹೋದರು. ಐದನೆಯ ತರಗತಿಯಲ್ಲಿದ್ದ ಹುಡುಗಿ ಆ ಚಳಿಗಾಲ ಮತ್ತು ಬೇಸಗೆಯನ್ನೆಲ್ಲ ತಗಡಿನ ಶೆಡ್ಡಿನಲ್ಲಿ, ಕೆಲಸಕ್ಕೆ ಹೋದ ಹೆಂಗಸರ ಕೂಸುಗಳನ್ನು ಆಡಿಸುತ್ತ ಕಳೆದಳು. ಶಾಲೆಯವರು ಹೇಗೋ ಆರನೆಯ ತರಗತಿಗೆ ತಳ್ಳಿದರು. ಭಾಗಾಕಾರ ಅವಳಿಗೆ ಮರೆತೇ ಹೋಗಿತ್ತು.

ಎರಡನೆಯ ವರ್ಷ ಮತ್ತೆ ಹೊರಡುವ ಕಾಲ ಬಂದಾಗ ಅಕ್ಕ ಒಂದೇ ಹಟ ಹಿಡಿದಳು. ಹುಡುಗಿ ಈ ಸಲ ಬರಕೂಡದು. ದುಡಿಯಲು ಹೋಗುವವರ ಮಕ್ಕಳಿಗೆಂದು ಬರಗಾಲದ ತಿಂಗಳುಗಳಲ್ಲಿ ಔರಾದಿನಲ್ಲಿ ತಾತ್ಕಾಲಿಕ ಹಾಸ್ಟೆಲ್ ತೆರೆಯುತ್ತಾರೆಂದು ಪ್ರಕಟವಾಗಿತ್ತು. ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲಿ ಹೆಸರು ದಾಖಲಾದ ಮಕ್ಕಳಿಗಷ್ಟೇ ಜಾಗ. ಹೆಸರು ಇದ್ದರೆ ಹುಡುಗಿ ಶಾಲೆಯಲ್ಲಿ, ಇಲ್ಲದಿದ್ದರೆ ಮತ್ತೆ ಶೆಡ್ಡಿನಲ್ಲಿ.

ಒಂದು ಮಧ್ಯಾಹ್ನ ಅಕ್ಕನ ಫೋನ್ ಬಂತು.

"ಏ ತಂಗಿ, ನಿನ್ನ ಕಂಪ್ಯೂಟರಿಗೆ ನಮ್ಮ ಮ್ಯಾಲ ಏನ್ ಸಿಟ್ಟದ, ಜರಾ ಕೇಳಿ ಹೇಳು."

"ಯಾಕ, ಮತ್ತೇನಾಯ್ತು?"

"ಮತ್ತ ಹೆಸರಿಲ್ಲಂತ. ಮೂರು ಸಂತಿಗೆ ಮೂರು ಸಲ ಬರಸೀನಿ. ನನ್ನ ಕಣ್ಣ ಮುಂದೇ ಆ ಕಂಪ್ಯೂಟರಿನಾಕಿ ಬರದಾಳ, ಪರದಿ ಮ್ಯಾಲ ಹುಡುಗಿ ಹೆಸರು ಬರೋಬರ್ ಇತ್ತು. ಮುಂದಿನ ಸಂತಿಗೆ ಹೋಗಿ ಕೇಳಿದ್ರ, ಅದು ಬೀದರಿಗೆ ಹೋಗ್ಯದ ಅಂತಾಳ. ಬೀದರದಾಗ ನೀ ಕೇಳಿದಿ, ಅವರೇನಂದ್ರು?"

"ಔರಾದದಾಗೇ ಅದ ಅಂದ್ರು."

"ಅಂದ್ರ ದಾರಿ ಮ್ಯಾಗ ಎಲ್ಲಿ ಇಳದದ ಅದು? ಬಸ್ಸಿನ್ಯಾಗ ನಿದ್ದಿ ಹತ್ತ್ಯದೇನು?"

ನಾನು ನಕ್ಕೆ. ಅಕ್ಕ ನಗಲಿಲ್ಲ.

"ಬರೋ ವಾರ ಕಡೀ ದಿನ ಅದ. ನಿನ್ನ ಭಾವ ರೈಲಿನ ಟಿಕೀಟ್ ತಗಸ್ಲಾಕ ಹೊಂಟಾರ. ಮೂರೋ ಎರಡೋ ಅಂತ ನನಗ ಕೇಳ್ತಾರ. ನಾ ಏನ್ ಹೇಳ್ಲಿ?"

ಬೀದರಿನ ಜಿಲ್ಲಾ ಕಚೇರಿಗೆ ನಾನೇ ಹೋಗಿ ವಿಚಾರಿಸಿದ್ದೆ. ಅಲ್ಲಿನವರು ಸಿಟ್ಟಾಗಿರಲಿಲ್ಲ, ಆಶ್ಚರ್ಯಪಟ್ಟಿದ್ದರು. ಔರಾದಿನಿಂದ ದಿನವೂ ಸಂಜೆ ಫೋನಿನಲ್ಲಿ ಸಂಖ್ಯೆ ಬರುತ್ತದೆ, ನಾವು ಕೂಡಿಸಿಕೊಳ್ಳುತ್ತೇವೆ, ಕೆಲಸ ಚೆನ್ನಾಗಿ ನಡೆದಿದೆ, ಹೆಸರುಗಳು ಅಲ್ಲಿನ ಕಂಪ್ಯೂಟರಿನಲ್ಲಿ ಇರುತ್ತವೆ ಎಂದರು. ಸಂಖ್ಯೆಯೊಳಗೆ ನನ್ನ ಅಕ್ಕನ ಮಗಳು ಸೇರಿದ್ದಾಳೆಯೇ ಎಂದು ಕೇಳಿದಾಗ, ಸಂಖ್ಯೆಗೆ ಹೆಸರು ಇರೋದಿಲ್ಲಲ್ರಿ ಎಂದು ಗುಮಾಸ್ತರೊಬ್ಬರು ತಾಳ್ಮೆಯಿಂದ ತಿಳಿಸಿಕೊಟ್ಟರು.

ಫೋನ್ ಕೆಳಗಿಟ್ಟು ಬಿಟ್ಟ ಕೆಲಸಕ್ಕೆ ಮರಳಿದೆ. ಅಂದು ಔರಾದಿನ ಯಂತ್ರದ ಆ ಒಂದು ಸಾಲು ನನ್ನ ಮುಂದಿತ್ತು. ಡಿಸ್ಕಿನ ಆಯ್ಕೆಗೆ ಪರಿಚ್ಛೇದ ಬರೆದಿದ್ದೆ, ಮೆಮೊರಿಗೆ ಬರೆದಿದ್ದೆ, ಬೂಟ್ ಕ್ರಮಕ್ಕೆ ಬರೆದಿದ್ದೆ. ಸಾಲಿನ ಕೊನೆಯಲ್ಲಿ ಇನ್ನೊಂದು ಪದ ಉಳಿದಿತ್ತು: ಸ್ನ್ಯಾಪ್‌ಶಾಟ್. ಮೂಲ ಇಂಗ್ಲಿಷ್ ದಾಖಲೆಯಲ್ಲಿ ಅದರ ವಿವರಣೆ ಬಹಳ ಚಿಕ್ಕದು. ಈ ಆಯ್ಕೆಯೊಂದಿಗೆ ಬೂಟ್ ಮಾಡಿದರೆ ಬರೆದದ್ದು ಡಿಸ್ಕಿಗೆ ಹೋಗುವುದಿಲ್ಲ. ತಾತ್ಕಾಲಿಕ ಫೈಲಿಗೆ ಹೋಗುತ್ತದೆ. ಯಂತ್ರ ಮುಚ್ಚಿದೊಡನೆ ಆ ಫೈಲು ಅಳಿದುಹೋಗುತ್ತದೆ.

ಅದನ್ನು ಎರಡು ಸಲ ಓದಿದೆ. ಆಮೇಲೆ ನಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಅದೇ ಸಾಲನ್ನು ಓಡಿಸಿ, ತಂತ್ರಾಂಶ ತೆರೆದು, ಹೆಸರಿನ ಜಾಗದಲ್ಲಿ 'ಕಲ್ಲಂಗಡಿ' ಎಂದು ಹೊಡೆದು ದಾಖಲಿಸಿದೆ. ಪಟ್ಟಿಯಲ್ಲಿ ಕಲ್ಲಂಗಡಿ ಕಂಡಿತು. ಯಂತ್ರ ಮುಚ್ಚಿ ಮತ್ತೆ ತೆರೆದೆ. ಪಟ್ಟಿ ಖಾಲಿ. ಕೆಳಗೆ ಗಿರಣಿ ತಿರುಗಿ ಮೇಜು ನಡುಗಲು ಶುರುವಾಯಿತು. ನಾನು ಎರಡೂ ಕೈಗಳನ್ನು ಮೇಜಿನ ಮೇಲೆ ಊರಿ ಕೂತೆ.

ಮಾಲಕರ ಕೋಣೆಗೆ ಹೋಗಿ ಕೇಳಿದೆ. "ಸರ್, ಔರಾದದ ಸಾಲಿನ್ಯಾಗ ಸ್ನ್ಯಾಪ್‌ಶಾಟ್ ಯಾಕ ಅದ?"

"ಇರಬೇಕಲ್ಲ. ಅಲ್ಲಿ ಕರೆಂಟ್ ಹ್ಯಾಂಗ ಹೋಗ್ತದ ನಿನಗ ಗೊತ್ತಿಲ್ಲೇನು? ನಡುವ ಹೋದ್ರ ಡಿಸ್ಕ್ ಕೆಡ್ತದ. ಕೆಟ್ಟ್ರ ಇಲ್ಲಿಂದ ಮನಶ್ಯಾನ್ನ ಬಸ್ಸಿಗೆ ಹಾಕಿ ಕಳಸಬೇಕು. ಇದು ಹಾಕಿಬಿಟ್ರ ಕೆಡೋ ಮಾತೇ ಇಲ್ಲ. ದಿನಾ ಮುಂಜಾನಿ ಹೊಸದಾಗಿ ಏಳ್ತದ."

"ಏಳೋದು ಖರೆ. ನಿನ್ನಿ ಬರದಿದ್ದು ಎಲ್ಲಿ ಹೋಗ್ತದ್ರಿ?"

ಅವರು ಬಾಯಿಗೆ ಹಾಕಿಕೊಳ್ಳಲು ಹೊರಟ ಸೋಂಪು ಅಂಗೈಯಲ್ಲೇ ಉಳಿಯಿತು. ಅವರಿಗೆ ಆ ಕ್ಷಣದಲ್ಲೇ ತಿಳಿಯಿತೆಂದು ನಾನು ಇಂದಿಗೂ ನಂಬುತ್ತೇನೆ.

"ಟ್ರೇನಿಂಗ್ ಟೈಮಿಗಿ ಹಾಕಿದ್ದು ಅದು," ಎಂದರು ನಿಧಾನವಾಗಿ. "ಕಲಿಯೋವಾಗ ಸುಳ್ಳು ಹೆಸರು ಬರೀತಾರ ಅಂತ. ಆಮ್ಯಾಲ ತೆಗೀಬೇಕಿತ್ತು."

"ಯಾರು ತೆಗೀಬೇಕಿತ್ತು?"

"ಹಾಕಿದ ಹುಡುಗ. ಅಂವ ಕೆಲಸ ಬಿಟ್ಟು ಹೈದರಾಬಾದಿಗೆ ಹೋಗಿ ಕುಂತಾನ."

"ತೆಗದಾನೋ ಇಲ್ಲೋ ನೋಡೋದು ಯಾರ ಕೆಲಸಿತ್ರಿ?"

"ಏನವ್ವ, ಕೈಪಿಡಿ ಬರೀಲಾಕ ಬಂದೀಯೋ ಕೇಸು ಹಾಕ್ಲಾಕ ಬಂದೀಯೋ?"

ನಾನು ಬಾಗಿಲ ಬಳಿಯೇ ನಿಂತಿದ್ದೆ. ಅವರು ದನಿ ಇಳಿಸಿದರು. "ನಾಳಿ ಔರಾದಕ್ಕ ಹೋಗು. ಆ ಒಂದು ಪದ ಚುಪ್ಪ ತೆಗದು ಬಾ. ಕೈಪಿಡಿಯಾಗ ಮಾತ್ರ ಅದರ ಬಗ್ಗಿ ಬರೀಬ್ಯಾಡ."

"ಬರೀದಿದ್ರ ನಾಳಿ ಮತ್ಯಾರೋ ಹಾಕ್ತಾರ ಸರ್. ಮುಚ್ಚೋ ಮೊದಲು ಉಳಿಸೋ ಕಮಾಂಡ್ ಒಂದು ಹೊಡದ್ರೂ ಸಾಕಿತ್ತು, ಹೆಸರು ಉಳೀತಿದ್ವು. ಅದನ್ನಾದ್ರೂ ಬರೀಲಿ."

"ಬರದ್ರ ನಾವೇ ತಪ್ಪು ಒಪ್ಕೊಂಡಂಗ. ಇಂಗ್ಲಿಷ್ ಪುಸ್ತಕದಾಗ ಅದ ಅಲ್ಲ, ಬೇಕಾದವರು ಓದ್ಕೊಳ್ಲಿ."

ಈ ಕೊನೆಯ ಮಾತು ನನ್ನನ್ನು ಇಂದಿಗೂ ಸುಡುತ್ತದೆ. ಯಾರಿಗೆ ತಿಳಿಯಬೇಕೋ ಅವರ ಭಾಷೆಯಲ್ಲಿ ಬರೆಯಬಾರದು; ಅವರು ಓದಲಾರದ ಭಾಷೆಯಲ್ಲಿ ಬರೆದಿದೆಯೆಂದು ಮಾತ್ರ ಹೇಳಿ ಕೈತೊಳೆದುಕೊಳ್ಳಬೇಕು. ನಮ್ಮ ಸೀಮೆಯಲ್ಲಿ ಉರ್ದು ದಫ್ತರದ ಭಾಷೆಯಾಗಿದ್ದಾಗಲೂ ಹೀಗೆಯೇ ನಡೆದಿತ್ತೆಂದು ನನ್ನ ಅಜ್ಜ ಹೇಳುತ್ತಿದ್ದರು. ಭಾಷೆ ಬದಲಾಗಿತ್ತು, ಅದರ ಹಿಂದೆ ಅಡಗಿಕೊಳ್ಳುವ ಪದ್ಧತಿ ಬದಲಾಗಿರಲಿಲ್ಲ.

ಮರುದಿನ ಔರಾದಿನ ಬಸ್ಸು ಹತ್ತಿದೆ. ತಾಲ್ಲೂಕು ಕಚೇರಿಯ ಆಪರೇಟರ್ ನನಗಿಂತ ಹತ್ತು ವರ್ಷ ಹಿರಿಯರಾದ, ಗುತ್ತಿಗೆಯ ಮೇಲಿದ್ದ ಹೆಂಗಸು. ಒಂದು ಕಿಟಕಿ, ಅದರ ಹಿಂದೆ ಅವರ ಕುರ್ಚಿ, ಪಕ್ಕದಲ್ಲಿ ಗೋಣಿ ಸುತ್ತಿದ ನೀರಿನ ಬಾಟಲಿ. ಅಕ್ಕನ ಹೆಸರು ಹೇಳಿದೊಡನೆ ಗುರುತು ಹಿಡಿದರು.

"ಮೂರು ಸಲ ಬಂದಾರಲ್ರಿ ಅವರು. ಮೂರೂ ಸಲ ನಾನೇ ಬರದೀನಿ. ನನ್ನ ಮ್ಯಾಲ ಅವರಿಗಿ ಭಾಳ ಸಿಟ್ಟದ."

"ನೀವು ಬರದಿದ್ದು ಮರದಿನ ಕಾಣ್ತದೇನ್ರಿ?"

"ಯಾಕ ಕಾಣ್ತದ? ರಾತ್ರಿ ಬೀದರಿಗಿ ಹೋಗ್ತದಲ್ರಿ. ಮುಂಜಾನಿ ತೆಗದ್ರ ಸಾಫ್ ಇರ್ತದ, ಒಂದನೇ ನಂಬರಿಂದ ಶುರು. ಟ್ರೇನಿಂಗಿನ್ಯಾಗೂ ಹಾಂಗೇ ಇತ್ತು."

ಯಾರೂ ಅವರಿಗೆ ಹೆಸರುಗಳು ಬೀದರಿಗೆ ಹೋಗುತ್ತವೆಂದು ಹೇಳಿರಲಿಲ್ಲ. ಪ್ರತಿ ಬೆಳಗ್ಗೆ ಖಾಲಿ ಪರದೆ ಕಂಡು ಅವರೇ ಹಾಗೆ ತಿಳಿದುಕೊಂಡಿದ್ದರು. ಸಂಜೆ ಬೀದರಿನವರು ಫೋನಿನಲ್ಲಿ ಇಂದಿನ ಸಂಖ್ಯೆ ಕೇಳುತ್ತಿದ್ದುದು ಆ ತಿಳಿವಳಿಕೆಯನ್ನು ಗಟ್ಟಿ ಮಾಡಿತ್ತು. ಬೀದರಿನವರು ಹೆಸರು ಔರಾದಿನಲ್ಲಿದೆ ಎಂದುಕೊಂಡಿದ್ದರು, ಔರಾದಿನವರು ಬೀದರಿನಲ್ಲಿದೆ ಎಂದುಕೊಂಡಿದ್ದರು. ನಡುವೆ ಸಂಖ್ಯೆಯೊಂದು ದಿನದಿನಕ್ಕೂ ಕೊಬ್ಬುತ್ತಿತ್ತು.

ಮೂಲ ಅರ್ಜಿಗಳೆಲ್ಲಿ ಎಂದು ಕೇಳಿದೆ. ಅವರು ನನ್ನನ್ನು ಹೊರಗಿನವಳಂತೆ ನೋಡಿದರು. "ಇಲ್ಲಿ ಕಾಗದ ಇಟ್ಕೊಂಡ್ರ ಮಂದಿ ಕಿಟಕಿ ಬಿಡ್ತಾರೇನ್ರಿ? ಸಿಕ್ಕಾ ಹೊಡದು, ನಂಬರ್ ಬರದು, ಅವರ ಕೈಯಾಗೇ ಕೊಡಬೇಕು."

ಅದು ನಿಜ. ಕಚೇರಿಯಲ್ಲಿ ಉಳಿದ ಕಾಗದ ಕಳೆದುಹೋಗುತ್ತದೆಂದು ಆ ಸೀಮೆಯ ಜನ ತಲೆಮಾರುಗಳಿಂದ ಕಲಿತಿದ್ದಾರೆ. ಕಚೇರಿಯ ಮುದ್ರೆಯ ಸಿಕ್ಕಾ ಬಿದ್ದ ಕಾಗದ ಮರಳಿ ಕೈಗೆ ಬರುವವರೆಗೆ ಯಾರೂ ಕದಲುವುದಿಲ್ಲ. ಕಂಪ್ಯೂಟರ್ ಬಂದ ಮೇಲೆ ಕಚೇರಿಯೂ ಅದಕ್ಕೆ ಒಪ್ಪಿತ್ತು. ಆ ಕಾಗದಗಳೀಗ ಮಡಿಕೆಯಾಗಿ ಪುಣೆಯಲ್ಲಿ, ಹೈದರಾಬಾದಿನಲ್ಲಿ, ಯಾವ ಯಾವುದೋ ತಗಡಿನ ಶೆಡ್ಡುಗಳ ಟ್ರಂಕುಗಳಲ್ಲಿದ್ದವು.

ಅಂದು ಬೆಳಗ್ಗೆ ಅವರು ದಾಖಲಿಸಿದ್ದ ಹೆಸರುಗಳನ್ನು ಮೊದಲು ಹಾಳೆಗೆ ಇಳಿಸಿಕೊಂಡೆವು. ಆಮೇಲೆ ಯಂತ್ರ ಮುಚ್ಚಿ ತೆರೆಯಲು ಕೇಳಿಕೊಂಡೆ. ಅವರು ಐಕಾನ್ ಒತ್ತಿದರು. ಪರದೆ ಎದ್ದಿತು. ಸಾಫ್.

"ಈಗ ರಾತ್ರಿ ಆಗಿಲ್ಲಲ್ರಿ," ಎಂದರು ಅವರು.

ಅವರು ತಾವೇ ಇನ್ನೊಮ್ಮೆ ಬರೆದರು, ಮುಚ್ಚಿದರು, ತೆರೆದರು. ಮೂರನೆಯ ಸಲ ಮಾಡಿದಾಗ ಅವರ ಬೆರಳು ಕೀಲಿಮಣೆಯ ಮೇಲೇ ನಿಂತುಹೋಯಿತು.

"ಮುಂಜಾನಿ ಖಾಲಿ ಕಂಡ್ರ ನಾ ಖುಷಿ ಪಡ್ತಿದ್ದೆ," ಎಂದರು. "ಎಲ್ಲಾ ಮುಟ್ಟ್ಯಾವ ಅಂತ. ಇಷ್ಟು ದಿವಸ ನಾ ಏನ್ ಬರದೀನ್ರಿ ಮೇಡಂ?"

ನಾನು ಫೈಲ್ ತೆರೆದು ಆ ಒಂದು ಪದವನ್ನು ಅಳಿಸಿದೆ. ಅಳಿಸಲು ಬೇಕಾದದ್ದು ಉಸಿರು ಬಿಡುವಷ್ಟು ಹೊತ್ತು. ಅವರು, "ಮೊದಲು ನಿಮ್ಮ ಹುಡುಗಿದೇ ಬರೀತೇನಿ, ಆ ತಾಯಿ ಭಾಳ ಅಲ್ದಾಡ್ಯಾರ," ಎಂದು ಅಕ್ಕನ ಮಗಳ ಹೆಸರನ್ನು ಹೊಡೆದರು. ಮುಚ್ಚಿ ತೆರೆದರು. ಹೆಸರು ಇತ್ತು. ಕ್ರಮಸಂಖ್ಯೆ ಒಂದು.

ಒಂದು ಇಡೀ ಋತುವಿನ ಕೆಲಸದ ಕೊನೆಯಲ್ಲಿ ಆ ಯಂತ್ರ ನೆನಪಿಟ್ಟುಕೊಂಡ ಮೊದಲ ಹೆಸರು ಅದು. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಆಚೆಯಿಂದ ಮೂಗು ಒರೆಸಿಕೊಂಡ ಸದ್ದು ಕೇಳಿತು. ಬೆಳಗಿನ ಹೆಸರುಗಳನ್ನು ಮತ್ತೆ ಹಾಕೋಣವೆಂದು ಹಾಳೆ ತೆಗೆಯುವಷ್ಟರಲ್ಲಿ ಕರೆಂಟು ಹೋಯಿತು. ಕತ್ತಲಾದ ಪರದೆಯ ಮುಂದೆ ನಾವಿಬ್ಬರೂ ಕಾಯುತ್ತ ಕೂತೆವು.

ಕರೆಂಟಿಗೆ ಮುಂಚೆ ಆ ಕಚೇರಿಯ ಅಧಿಕಾರಿ ಬಂದರು. ಆಪರೇಟರ್ ಎಲ್ಲವನ್ನೂ ಹೇಳಿದರು, ಒಂದನ್ನೂ ಮುಚ್ಚಿಡಲಿಲ್ಲ. ಅಧಿಕಾರಿ ನಿಂತೇ ಕೇಳಿಸಿಕೊಂಡರು.

"ಈಗ ಅದರಾಗ ಎಷ್ಟು ಹೆಸರವ?"

"ಒಂದ್ರಿ. ಇನ್ನು ಈ ಹಾಳಿ ಮ್ಯಾಲ ನಾಲ್ಕವ."

"ಆ ಒಂದು ಯಾರದು?"

"ನನ್ನ ಅಕ್ಕನ ಮಗಳದು," ಎಂದೆ ನಾನು.

ಅವರು ನನ್ನನ್ನು ಪೂರ್ತಿಯಾಗಿ ನೋಡಿದ್ದು ಆಗಲೇ. "ಎಲ್ಲಾ ಹೆಸರು ಹೋಗಿ, ಕಂಪ್ಯೂಟರ್ ಮುಟ್ಟಿದವರ ಮನಿ ಹುಡುಗಿದೊಂದೇ ಉಳದದ. ನಾ ಏನ್ ತಿಳ್ಕೋಬೇಕು ಮೇಡಂ?"

"ಖರೆ ಏನದ ಅದನ್ನ ತಿಳ್ಕೊಳ್ರಿ. ಬರಸಿದವ್ರು ಊರು ಬಿಟ್ಟಾರ, ಅವರ ಕೈಯಾಗ ನಿಮ್ಮ ಸಿಕ್ಕಾ ಅದ. ಕಡೀ ದಿನ ಮುಂದ ಹಾಕ್ರಿ, ಅವರಿಗಿ ಸುದ್ದಿ ಕಳಸ್ರಿ."

"ಕಡೀ ದಿನ ನಾ ಇಟ್ಟಿದ್ದಲ್ಲ. ಮತ್ತ ಐದು ಮಕ್ಕಳಿಗಿ ಹಾಸ್ಟೆಲ್ ತೆರೀಲಾಕ ಬರೋದಿಲ್ಲ. ಬೇಕಾದ್ರ ಬೀದರಿಗಿ ಬರೀತೇನಿ."

ಅವರು ಬೀದರಿಗೆ ಬರೆದರೆಂದು ಆಮೇಲೆ ತಿಳಿಯಿತು. ಬೀದರಿನಿಂದ ಬಂದ ಉತ್ತರದಲ್ಲಿ, ತಮ್ಮಲ್ಲಿರುವ ಸಂಖ್ಯೆಗೂ ಕಂಪ್ಯೂಟರಿನಲ್ಲಿರುವ ಹೆಸರುಗಳಿಗೂ ತಾಳೆಯಾಗದ ಕಾರಣ ಈ ವರ್ಷ ಔರಾದಿನ ಹಾಸ್ಟೆಲನ್ನು ಕೈಬಿಡಲಾಗಿದೆ ಎಂದಿತ್ತು. ತಾಳೆಯಾಗದಂತೆ ಮಾಡಿದವರು ಯಾರೆಂಬ ಪ್ರಶ್ನೆ ಆ ಪತ್ರದಲ್ಲಿ ಇರಲಿಲ್ಲ.

ಪುಣೆಯ ರೈಲು ಹತ್ತಲು ಅಕ್ಕ, ಭಾವ ಭಾಲ್ಕಿಗೆ ಬಂದರು. ಹುಡುಗಿಯೂ ಜೊತೆಗಿದ್ದಳು. ನಾನು ಬೀದರಿನಿಂದ ಬಂದು ಪ್ಲಾಟ್‌ಫಾರಂ ಮೇಲೆ ಅವರನ್ನು ಕೂಡಿಕೊಂಡೆ. ಗೋಣಿಚೀಲ, ತಗಡಿನ ಟ್ರಂಕು, ಒಲೆ, ಕೊಡ, ಮಕ್ಕಳು. ಇಡೀ ನಿಲ್ದಾಣವೇ ಮನೆ ಖಾಲಿ ಮಾಡಿ ಹೊರಟಂತಿತ್ತು. ಭಾವ ಒಂದು ಚೀಲದಲ್ಲಿ ತಂತಿ ಸುತ್ತುವ ಸಲಕರಣೆಗಳನ್ನು ಕಟ್ಟಿಕೊಂಡಿದ್ದರು. ಅಲ್ಲಿ ಅದರ ಉಪಯೋಗವಿರಲಿಲ್ಲ. ಬಿಟ್ಟುಹೋಗಲು ಮನಸ್ಸಾಗಿರಲಿಲ್ಲ, ಅಷ್ಟೆ.

ಔರಾದಿನ ಕಡೆಯವರನ್ನು ಹುಡುಕಿ ಹುಡುಕಿ ಮಾತಾಡಿಸಿದೆ. ಹಾಸ್ಟೆಲಿಗೆ ಹೆಸರು ಬರೆಸಿದ್ದಿರಾ ಎಂದು ಕೇಳಿದರೆ ಹೆಂಗಸರು ಸೆರಗಿನ ಗಂಟಿನಿಂದ, ಟ್ರಂಕಿನ ತಳದಿಂದ ಕಾಗದ ತೆಗೆದು ತೋರಿಸುತ್ತಿದ್ದರು. ಸಿಕ್ಕಾ ಇತ್ತು, ಸಂಖ್ಯೆ ಇತ್ತು. ಒಂದು, ನಾಲ್ಕು, ಮತ್ತೆ ಒಂದು, ಮೂರು, ಇನ್ನೊಂದು ಒಂದು. ಒಂದನೆಯ ಸಂಖ್ಯೆಯ ಕಾಗದ ಹಿಡಿದ ಮುದುಕಿಯೊಬ್ಬಳು, ತನ್ನ ಮೊಮ್ಮಗನನ್ನು ಮಡಿಲಲ್ಲಿ ಕೂರಿಸಿಕೊಂಡು ಹೆಮ್ಮೆಯಿಂದಲೇ ಹೇಳಿದಳು:

"ನಂದೇ ಮೊದಲ ನಂಬರ್ ನೋಡವ್ವ. ಆದ್ರೂ ಕರೀಲಿಲ್ಲ."

ಪಕ್ಕದ ಕಂಬಕ್ಕೊರಗಿದ್ದವಳ ಕಾಗದದಲ್ಲೂ ಅದೇ ಸಂಖ್ಯೆ ಇದ್ದುದನ್ನು ನಾನು ಹೇಳಲಿಲ್ಲ. ಎಲ್ಲ ಕಾಗದಗಳ ಫೋಟೋ ಹಿಡಿದು ಅಲ್ಲಿಂದಲೇ ಅಧಿಕಾರಿಗೆ ಕಳಿಸಿದೆ. ರೈಲಿನ ಘೋಷಣೆ ಆಗುವಷ್ಟರಲ್ಲಿ ಉತ್ತರ ಬಂತು: ಅವಧಿ ಮುಗಿದಿದೆ.

ಬೋಗಿಯೊಳಗೆ ಭಾವ ಕಿಟಕಿಯ ಬಳಿ ಜಾಗ ಹಿಡಿದಿದ್ದರು. ಹುಡುಗಿ ಸರಳುಗಳಿಗೆ ಹಣೆ ಹಚ್ಚಿ ಕೂತಿದ್ದಳು, ಅಳುತ್ತಿರಲಿಲ್ಲ. ಕೆಳಗೆ ನಿಂತಿದ್ದ ನನಗೆ ಉತ್ತರ ಬಂದದ್ದನ್ನು ಅಕ್ಕ ನನ್ನ ಮುಖದಲ್ಲೇ ಓದಿಕೊಂಡಳು.

"ನಿನ್ನ ಖೋಲಿ ಎಷ್ಟದ?" ಎಂದು ಒಳಗಿನಿಂದಲೇ ಕೇಳಿದಳು.

"ಎರಡನೇ ಚಾಪಿ ಹಾಸಿದ್ರ ಬಾಗಲಾ ತೆರಿಯೋದಿಲ್ಲಕ್ಕ."

"ಹಂಗಾದ್ರ ತೆರೀಬ್ಯಾಡ."

ಭಾವ ಏನೋ ಹೇಳಲು ಬಾಯಿ ತೆರೆದರು. ಅಕ್ಕ ಆಗಲೇ ಹುಡುಗಿಯ ಚೀಲವನ್ನು ಎತ್ತಿಕೊಂಡು ಬಾಗಿಲಿಗೆ ಬಂದಿದ್ದಳು. "ಇಳಿ," ಎಂದಳು ಮಗಳಿಗೆ. "ಮೌಶಿಗಿ ತ್ರಾಸು ಕೊಡಬ್ಯಾಡ. ನೀರು ಕಮ್ಮಿ ಚೆಲ್ಲು." ರೈಲು ಹೊರಟಾಗ ಹುಡುಗಿ ನನ್ನ ಕೈ ಹಿಡಿದಿರಲಿಲ್ಲ, ತನ್ನ ಚೀಲವನ್ನು ಎರಡೂ ಕೈಗಳಿಂದ ಹಿಡಿದಿದ್ದಳು.

ಕೈಪಿಡಿ ಅಚ್ಚಾಗಿ ಬಂತು. ಚಂದದ ಹೊದಿಕೆ. ಬೂಟ್ ಆಯ್ಕೆಗಳ ಅಧ್ಯಾಯದಲ್ಲಿ ನಾನು ಬರೆದುಕೊಟ್ಟಿದ್ದ ಕೊನೆಯ ಪರಿಚ್ಛೇದ ಇರಲಿಲ್ಲ. ರಾಜೀನಾಮೆ ಬರೆಯಲು ಅಂದೇ ಕೂತೆ. ಹುಡುಗಿಯನ್ನು ಚಿದ್ರಿಯ ಶಾಲೆಗೆ ಸೇರಿಸಿ ಆಗಿತ್ತು; ಬಾಡಿಗೆಯ ಖೋಲಿ ನನ್ನ ಕೆಲಸದ ಮೇಲೆ ನಿಂತಿತ್ತು. ಬರೆದದ್ದನ್ನು ಮಡಿಸಿಟ್ಟೆ. ಬೆಳಗ್ಗೆ ಮತ್ತೆ ಅದೇ ಮೆಟ್ಟಿಲು ಹತ್ತಿದೆ, ಬ್ಯಾಟರಿಗಳ ಹಿಂದಿನ ಅದೇ ಕಿಟಕಿಗೆ ಬೆನ್ನು ಹಾಕಿ ಕೂತೆ. ಈಗಲೂ ಅಲ್ಲಿಯೇ ಇದ್ದೇನೆ. ಹುಡುಗಿಯಿಂದಾಗಿ ಸಿಕ್ಕಿಬಿದ್ದೆ ಎಂದು ಗೆಳತಿಯರು ಮರುಗುತ್ತಾರೆ. ನನ್ನನ್ನು ಅಲ್ಲಿ ಕೂಡಿಹಾಕಿದ್ದು ಆರನೆಯ ತರಗತಿಯ ಹುಡುಗಿಯಲ್ಲ.

ಬರ ದೇವರು ಕೊಟ್ಟದ್ದೆಂದು ನಮಗೆ ಹೇಳಿದರು, ಒಪ್ಪೋಣ. ಆ ಪದವನ್ನು ಸಾಲಿನ ಕೊನೆಗೆ ಯಾವ ದೇವರೂ ಸೇರಿಸಲಿಲ್ಲ. ಒಬ್ಬ ಮನುಷ್ಯ ಸೇರಿಸಿದ, ಇನ್ನೊಬ್ಬ ನೋಡದೆ ರುಜು ಹಾಕಿದ, ಮತ್ತೊಬ್ಬ ಪರೀಕ್ಷಿಸದೆ ಒಪ್ಪಿಸಿಕೊಂಡ, ಮೇಲಿನವರು ಹೆಸರು ಕೇಳದೆ ಸಂಖ್ಯೆ ಕೂಡಿಸಿದರು. ಈ ಎಲ್ಲರಿಗೂ ಹುದ್ದೆಯಿದೆ, ಮೇಜಿದೆ. ವಿಚಾರಣೆಗೆ ಕರೆದದ್ದು ಮಾತ್ರ ಆ ಗುತ್ತಿಗೆಯ ಆಪರೇಟರನ್ನು, ಖಾಲಿ ಪರದೆ ಕಂಡು ಸಂತೋಷಪಟ್ಟ ಒಬ್ಬಳನ್ನು. ಕರೆಯದೆ ಬಿಟ್ಟವರನ್ನೂ ಕರೆಯಿರಿ ಎಂದು ನಾನು ಎರಡು ಬಾರಿ ಲಿಖಿತವಾಗಿ ಕೇಳಿದ್ದೇನೆ. ಇಲ್ಲಿ ಮೂರನೆಯ ಬಾರಿ ಕೇಳುತ್ತಿದ್ದೇನೆ.

ಅಚ್ಚಿನಲ್ಲಿ ಬಾರದ ಪರಿಚ್ಛೇದವನ್ನು ನಾನು ಕೈಯಲ್ಲಿ ಬರೆದು ಔರಾದಿಗೆ ಕಳಿಸಿದೆ. ಎಚ್ಚರಿಕೆ ಕೊಟ್ಟು ಕೆಲಸದಲ್ಲಿ ಉಳಿಸಿಕೊಂಡಿದ್ದ ಆಪರೇಟರ್ ಅದನ್ನು ಪರದೆಯ ಅಂಚಿಗೆ ಅಂಟಿಸಿದರು. ಒಂದು ತಿಂಗಳಿಗೆ ಅವರ ಫೋನ್ ಬಂತು.

"ನಿಮ್ಮ ಸಾಹೇಬ್ರು ಬಂದು ಕಿತ್ತ್ಯಾರ್ರಿ. ಮತ್ತೊಂದು ಬರದು ಕಳಸ್ರಿ. ಈ ಸಲ ಗೋಂದು ದಪ್ಪ ಹಚ್ತೇನಿ."

ನನ್ನ ಅಕ್ಷರ ಮಾಲಕರಿಗೆ ಗೊತ್ತು. ಆದ್ದರಿಂದ ಹುಡುಗಿಯನ್ನು ಕೂರಿಸಿ ಬರೆಸಿದೆ. ಚಾಪೆಯ ಮೇಲೆ ಬಾಗಿ, ಒಂದೊಂದು ಅಕ್ಷರವನ್ನೂ ದುಂಡಗೆ ತಿದ್ದಿ ಅವಳು ಬರೆದಳು: ಯಂತ್ರವನ್ನು ಹೀಗೆ ಚಾಲೂ ಮಾಡಿದರೆ ಇಂದು ಬರೆದ ಹೆಸರು ನಾಳೆ ಉಳಿಯುವುದಿಲ್ಲ. ಐಕಾನ್ ಒತ್ತುವ ಮೊದಲು ಆ ಸಾಲನ್ನು ನೋಡಿ. ಸ್ನ್ಯಾಪ್‌ಶಾಟ್ ಎಂಬ ಪದ ಅದರಲ್ಲಿದ್ದರೆ ಹಾಕಿದವರು ಯಾರೆಂದು ಕೇಳಿ.

ಅಲ್ಲಿಗೆ ಬಂದು ಪೆನ್ನು ಎತ್ತಿದಳು.

"ಮೌಶಿ, ಯಾರು ಹಾಕಿದ್ರು? ಬರೀಬೇಕಲ?"

"ಇನ್ನೂ ಹೆಸರು ಹೇಳಿಲ್ಲ ಅವರು. ಒಂದು ಗೀಟು ಹೊಡದು ಜಾಗಾ ಬಿಡು."

ಅವಳು ಸ್ಕೇಲು ಇಟ್ಟು, ಹಾಳೆಯ ಈ ಅಂಚಿನಿಂದ ಆ ಅಂಚಿನವರೆಗೆ ಉದ್ದನೆಯ ಗೀಟು ಎಳೆದಳು. ಎಳೆದು, ಒಂದೇ ಹೆಸರಿಗೆ ಇಷ್ಟು ಜಾಗ ಸಾಕೇ ಎಂಬಂತೆ ನನ್ನ ಮುಖ ನೋಡಿ, ಅದರ ಕೆಳಗೆ ಇನ್ನೊಂದು ಎಳೆದಳು.